ಗ್ರೀನ್ ಕಮಿಟಿಯವರು ತಿಂದ ರೊಟ್ಟಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿ ಮನೆ ಮಾಲೀಕರ ಕಾರ್ ಶೆಡ್ಡಿನಲ್ಲಿ ನಾನೊಂದು ಖಾನಾವಳಿ ನಡೆಸುತ್ತಿದ್ದೆ. ಮಾಲೀಕರಿಗೆ ಕಾರಿರಲಿಲ್ಲ, ಶೆಡ್ಡಿನ ಬಾಡಿಗೆ ಮಾತ್ರ ಬೇಕಿತ್ತು. ಜೆ.ಪಿ. ನಗರದ ಒಂದು ಕಂಪನಿಗೆ ದಿನಾ ಮಧ್ಯಾಹ್ನ ಜೋಳದ ರೊಟ್ಟಿ ಊಟ ಕಳಿಸುತ್ತಿದ್ದೆ. ರೊಟ್ಟಿ ಬಡಿಯಲು ತಿಲಕ್ ನಗರದಿಂದ ನಮ್ಮ ವಿಜಾಪುರದ ಕಡೆಯವರೇ ಇಬ್ಬರು ಹೆಂಗಸರು ಬರುತ್ತಿದ್ದರು. ಆ ಒಂದು ಆರ್ಡರಿನ ಮೇಲೆ ಮೂರು ಮನೆಯ ಒಲೆ ಉರಿಯುತ್ತಿತ್ತು.

ರೊಟ್ಟಿಯನ್ನು ಒಗೆದ ಧೋತರದಲ್ಲಿ ಸುತ್ತಿಡುವುದು ನಮ್ಮಲ್ಲಿ ರೂಢಿ. ಬೆವರುವುದಿಲ್ಲ, ಮೆತ್ತಗೂ ಇರುತ್ತದೆ. ಕಂಪನಿಯವರು ಅದನ್ನು ನೋಡಿ ಮೂಗು ಮುರಿದರು. ಹೈಜೀನ್ ಇಲ್ಲವಂತೆ. ಒಂದೊಂದು ರೊಟ್ಟಿಗೂ ಒಂದೊಂದು ಪ್ಲಾಸ್ಟಿಕ್ ಕವರ್ ಹಾಕಬೇಕಂತೆ. ಬಿಸಿ ರೊಟ್ಟಿ ಕವರಿನೊಳಗೆ ಬೆವತು ಒದ್ದೆ ಅರಿವೆಯ ಹಾಗಾಗುತ್ತಿತ್ತು. ಅದನ್ನೇ ಹರಿದು ಹರಿದು ತಿಂದರು, ಪಾಪ.

ಮರುವರ್ಷ ಅದೇ ಕಂಪನಿಯಲ್ಲಿ ಗ್ರೀನ್ ಕಮಿಟಿ ಅಂತ ಒಂದು ಹುಟ್ಟಿಕೊಂಡಿತು. ಅದರ ಮುಖ್ಯಸ್ಥ ನನ್ನನ್ನು ಕರೆಸಿ, ಒಂದರ ಮೇಲೊಂದು ಬೀಳುವಂತೆ ಬೋರ್ಡಿನ ಮೇಲೆ ಮೂರು ವೃತ್ತ ಬರೆದ. ಜನ, ಪರಿಸರ, ಲಾಭ.

“ಮೂರನ್ನೂ ಬ್ಯಾಲೆನ್ಸ್ ಮಾಡ್ಬೇಕು ಮೇಡಂ. ಇನ್ಮೇಲೆ ಪ್ಲಾಸ್ಟಿಕ್ ಬೇಡ, ಬಟ್ಟೇಲಿ ಸುತ್ತಿ ಕಳ್ಸಿ,” ಅಂದ.

“ಮೊದಲ ನಾ ಬಟ್ಟ್ಯಾಗ ಸುತ್ತೇ ಕಳಸ್ತಿದ್ನಲ್ರೀ,” ಅಂದೆ.

“ಆ ಬಟ್ಟೆ ಅಲ್ಲ ಮೇಡಂ. ಸರ್ಟಿಫಿಕೇಟ್ ಇರೋ ಬಟ್ಟೆ ಬರುತ್ತೆ, ಮೇಲೆ ನಮ್ ಲೋಗೋ ಇರುತ್ತೆ. ನೀವೇ ತಗೋಬೇಕು.”

“ಹಂಗಂದ್ರ ಊಟದ ರೇಟ್ ಜಾಸ್ತಿ ಮಾಡ್ತೀರೇನ್ರಿ?”

“ರೇಟ್ ಅದೇ ಮೇಡಂ. ಇದು ಪರಿಸರಕ್ಕೆ ನಿಮ್ ಕಾಂಟ್ರಿಬ್ಯೂಷನ್.”

ಮೈಯೆಲ್ಲ ಉರಿಯಿತು. ಹೆಂಚಿನ ಮೇಲೆ ಮೂರು ರೊಟ್ಟಿ ಒಟ್ಟಿಗೆ ಹೇರಿದರೆ ಒಂದೂ ಬೇಯುವುದಿಲ್ಲಪ್ಪಾ ಎನ್ನುವ ಮಾತು ಬಾಯಿ ತುದಿಗೆ ಬಂದಿತ್ತು. ಆರ್ಡರ್ ಕೈತಪ್ಪೀತೆಂದು ನುಂಗಿಕೊಂಡು ಆ ಬಟ್ಟೆಯನ್ನೇ ತರಿಸಿದೆ.

ಪರಿಸರ ದಿನ ಬಂತು. ನಮ್ಮ ಮೂವರನ್ನೂ ವೇದಿಕೆ ಹತ್ತಿಸಿ, ಕೈಗೊಂದೊಂದು ಸಸಿ ಕೊಟ್ಟು ಫೋಟೋ ಹೊಡೆದರು. ಸಸಿಗಳು ಪ್ಲಾಸ್ಟಿಕ್ ಕವರಿನಲ್ಲಿದ್ದವು. ದೊಡ್ಡ ಸಾಹೇಬರು ನಮ್ಮನ್ನು ತೋರಿಸಿ “ಇವರೆಲ್ಲ ನಮ್ಮ ಕುಟುಂಬ” ಎಂದು ಭಾಷಣ ಬಿಗಿದರು. ಚಪ್ಪಾಳೆಯೋ ಚಪ್ಪಾಳೆ.

ಅದಾಗಿ ಸ್ವಲ್ಪ ದಿನಕ್ಕೇ ಊಟ ಬೇಡವೆಂದು ಫೋನ್ ಬಂತು. ವಿಚಾರಿಸಲು ಹೋದರೆ ಕುಟುಂಬದವಳನ್ನು ಗೇಟಿನೊಳಗೆ ಬಿಡಲಿಲ್ಲ. ಕಮಿಟಿಯ ಮುಖ್ಯಸ್ಥನೇ ಹೊರಗೆ ಬಂದ.

“ಮೂರನೇ ಸರ್ಕಲ್ ಸ್ವಲ್ಪ ವೀಕ್ ಆಗ್ಬಿಡ್ತು ಮೇಡಂ. ದೊಡ್ಡ ಕಿಚನ್‌ನೋರು ಕಮ್ಮಿಗೆ ಕೊಡ್ತಿದಾರೆ,” ಅಂದ. ಅವನ ಹಿಂದೆಯೇ ವ್ಯಾನಿನಿಂದ ಊಟ ಇಳಿಯುತ್ತಿತ್ತು, ಪ್ಲಾಸ್ಟಿಕ್ ಟ್ರೇಗಳಲ್ಲಿ.

ದಾರಿಯುದ್ದಕ್ಕೂ ಅವನನ್ನು ಬೈದುಕೊಂಡೇ ಬಂದೆ. ಶೆಡ್ಡಿನಲ್ಲಿ ಇಬ್ಬರೂ ಕಾಯುತ್ತ ಕೂತಿದ್ದರು. ದೊಡ್ಡವಳು ಡಬ್ಬದ ಮುಚ್ಚಳ ತೆಗೆದು, “ನಾಳಿಗೆ ಎಷ್ಟ್ ಹಿಟ್ಟ್ ತಗೀಲಿ ಅಕ್ಕಾ?” ಎಂದು ಕೇಳಿದಳು.

ಖಾನಾವಳಿಗೇ ಬಂದು ಉಣ್ಣುವವರನ್ನು ನೆನೆದು, “ಅರ್ಧ ಸಾಕವ್ವಾ,” ಅಂದೆ. ಇಬ್ಬರಲ್ಲಿ ಯಾರು ಬರುವುದು ಬೇಡವೆಂದು ನಾನಿನ್ನೂ ಹೇಳಿರಲಿಲ್ಲ. ಚಿಕ್ಕವಳು ಎದ್ದು, ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿಕೊಂಡಳು.