ಜೀಪಿನ ಮಾಣಿಕ ಕಾಕಾ

ಮಾಣಿಕ ಕಾಕಾನ ಎಡಗೈ ಗೋಧಿಬಣ್ಣ, ಬಲಗೈ ಕಡುಗಪ್ಪು. ಬಾಗಿಲಿಲ್ಲದ ಜೀಪಿನಿಂದ ಮೊಣಕೈ ಹೊರಗಿಟ್ಟು ತಾಂಡೂರಿನ ಬಿಸಿಲಲ್ಲಿ ವರ್ಷಗಟ್ಟಲೆ ಓಡಾಡಿದ ಗುರುತು ಅದು. ಆತ ನನ್ನ ಅಪ್ಪನ ತಮ್ಮ. ನ್ಯಾಲ್ಕಲ್ ಕಡೆಯ ನಮ್ಮ ಮನೆಯವರೆಲ್ಲ ಕುರಿ ಕಾಯುತ್ತಿದ್ದರೆ, ಈತ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯ ಸಾವುಕಾರರೊಬ್ಬರ ಡ್ರೈವರನಾಗಿ ತಾಂಡೂರು ಸೇರಿದ್ದ.

ಜೀಪಿನ ಕಾಲದಲ್ಲಿ ಸಾವುಕಾರರು ಕಾಕಾನ ಪಕ್ಕದಲ್ಲೇ ಕೂರುತ್ತಿದ್ದರು. ಇಬ್ಬರಿಗೂ ಒಂದೇ ಬೀಡಿ ಕಟ್ಟು. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಕಾಕಾ ಹತ್ತಿಸಿಕೊಳ್ಳುತ್ತಿದ್ದ. "ಜರಾ ಸರಕೋರಿ, ಇನ್ನೊಂದು ಜೀವಕ್ಕ ಜಾಗಾ ಆಗ್ತದ" ಎನ್ನುವುದು ಅವನ ಮಾತು. ಧಾರೂರಿನ ತನಕ ಅವನನ್ನು ಅರಿಯದ ಚಹಾದಂಗಡಿ ಇರಲಿಲ್ಲ.

ಗಣಿ ಬೆಳೆಯಿತು, ಗಾಡಿಯೂ ಬೆಳೆಯಿತು. ಜೀಪು ಹೋಗಿ ಉದ್ದನೆಯ ಗಾಡಿ ಬಂತು. ಸಾವುಕಾರರು ನಡುವಿನ ಸೀಟಿಗೆ ಸರಿದರು. ಕೊನೆಗೆ ಬಂದದ್ದು ಹೊರದೇಶದ ದೊಡ್ಡ ಬಿಳಿ ಗಾಡಿ. ಹತ್ತಲು ಮೆಟ್ಟಿಲು, ಚರ್ಮದ ಸೀಟು, ಕಪ್ಪು ಗಾಜು. "ಹ್ಯಾಂಗದ ಕಾಕಾ?" ಎಂದು ಕೇಳಿದೆ.

"ಗಾಡಿ ಅಲ್ಲ ಬೇಟಾ, ಬಂಗಲಾ ಅದ. ಖರೇ, ಒಳಗ ಕುಂತ್ರ ಹೊರಗಿನ ಮಂದಿ ಮಾತೇ ಕೇಳಸಂಗಿಲ್ಲ."

ಬಲಗೈಯ ಕಪ್ಪು ಮೆಲ್ಲಗೆ ಮಾಸಿತು. ಮಾತೂ ಕಡಿಮೆಯಾಯಿತು.

ಅದು ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಮಂದಿ ರಸ್ತೆಯ ಮೇಲೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುತ್ತಿದ್ದ ಕಾಲ. ಕಾಕಾನೂ ಹೋಗಿ ಆ ಪಂಕ್ತಿಯಲ್ಲಿ ಉಂಡು ಬಂದವನೇ. ಅಂಥದೇ ಒಂದು ಬಂದ್ ದಿನ ಶರಣಮ್ಮ ಕಾಕಿಗೆ ಎದೆನೋವು ಬಂತು. ಕೂಡಲೇ ಹೈದರಾಬಾದಿಗೆ ಒಯ್ಯಿರಿ ಎಂದರು ಡಾಕ್ಟರು. ಬಸ್ಸಿಲ್ಲ, ರೈಲಿಲ್ಲ. ಸಾವುಕಾರರೇ ಓಡಿಬಂದು ಬಿಳಿ ಗಾಡಿಯ ಚಾವಿ ಕೊಟ್ಟರು. "ಗಾಜು ಒಡದ್ರ ಒಡೀಲಿ ಮಾಣಿಕಾ, ನೀ ಮೊದಲ ಶರಣಮ್ಮ ತಂಗೀನ ದವಾಖಾನಿಗಿ ಮುಟ್ಟಸು."

ಧಾರೂರಿನ ಹತ್ತಿರ ಹುಡುಗರು ಗಾಡಿ ತಡೆದರು. ಯಾರೋ ನಾಯಕ ಒಳಗೆ ಅಡಗಿ ಹೊರಟಿದ್ದಾನೆಂದುಕೊಂಡು ಸುತ್ತುವರಿದು ತೆಲಂಗಾಣಕ್ಕಾಗಿ ರಾಜೀನಾಮೆ ಕೊಡು ಎಂದು ಕೂಗಿದರು. ಕಾಕಾ ಗಾಜು ಇಳಿಸಿ ಕೈ ಮುಗಿದ, ಹೆಂಡತಿಗೆ ಆರಾಮಿಲ್ಲವೆಂದು ತೆಲುಗಿನಲ್ಲಿ ಬೇಡಿಕೊಂಡ. ಬೆಳಿಗ್ಗೆ ಇದೇ ಮಾತು ಸುಳ್ಳೇ ಹೇಳಿ ಇನ್ನೊಂದು ದೊಡ್ಡ ಗಾಡಿ ದಾಟಿಹೋಗಿತ್ತಂತೆ, ಯಾರೂ ನಂಬಲಿಲ್ಲ. ಬಹಳ ಹೊತ್ತಿನ ಮೇಲೆ ಮುದಿ ಚಹಾದವನೊಬ್ಬ ಗುಂಪು ಸರಿಸಿ ಬಂದು ಇಣುಕಿದ. "ಅರೆ! ಇಂವ ನಮ್ಮ ಜೀಪಿನ ಮಾಣಿಕಪ್ಪ!"

ತಡೆದ ಹುಡುಗರೇ ಕಲ್ಲು ಸರಿಸಿದರು, ಗಾಡಿಯ ಮುಂದೆ ಓಡಿ ದಾರಿ ಬಿಡಿಸಿದರು. ವಿಕಾರಾಬಾದ್ ಮುಟ್ಟುವುದರೊಳಗೆ ಕಾಕಿ ಹೋಗಿಬಿಟ್ಟಿದ್ದಳು.

ಸಾವುಕಾರರು ಎಷ್ಟು ಹೇಳಿದರೂ ಕಾಕಾ ಮತ್ತೆ ಸ್ಟೇರಿಂಗು ಹಿಡಿಯಲಿಲ್ಲ. ಊರಿಗೆ ಬಂದು ಅಣ್ಣನ ಕುರಿಗಳ ಹಿಂದೆ ಹೋಗತೊಡಗಿದ. ತೆಲಂಗಾಣ ಬಂದ ವರ್ಷ, ಅವನು ತೀರಿಕೊಳ್ಳುವ ಮುಂಚೆ, ನಾನಿದ್ದ ಜಹೀರಾಬಾದಿನಿಂದ ಹೋಗಿ ಅವನನ್ನು ಕಂಡದ್ದೇ ಕೊನೆ. ಕುರಿಹಟ್ಟಿಯ ಪಕ್ಕ ಹೊರಸಿನ ಮೇಲೆ ಕೂತಿದ್ದ. "ಆವತ್ತು ಆ ಹುಡುಗರು ಮೊದಲೇ ದಾರಿ ಬಿಟ್ಟಿದ್ರ..." ಎಂದು ನಾನು ಬಾಯಿ ತೆಗೆದೆ.

"ಅವರಿಗೇನ್ ಅನ್ಬ್ಯಾಡ ಬೇಟಾ. ಗಾಡೀನೇ ಹಂತಾದು, ನಾ ಯಾರಂತ ಅವರಿಗೆ ಹ್ಯಾಂಗ ತಿಳೀಬೇಕು?"

ಆಮೇಲೆ ಹೇಳಿದ: "ನಿಮ್ಮ ಕಾಕಿ ಆ ಗಾಡ್ಯಾಗ ಹತ್ತಿದ್ದು ಅದೊಂದೇ ಸಲ. ಸಾವುಕಾರ್ರ ಸೀಟು ಹೊಲಸಾಗ್ತದಂತ ಬೆನ್ನು ಹಚ್ಚಲಾರದೇ ಕುಂತಿದ್ಲು. ಅಷ್ಟು ನೋವಿನಾಗೂ. ನಾ ಕನ್ನಡ್ಯಾಗ ನೋಡ್ಕೋತನೇ ಹೋದೆ. ಒರಗು ಅನ್ನಬೇಕಾಗಿತ್ತು. ಅನ್ಲಿಲ್ಲ."