ಮಾವನವರ ದುರ್ಬೀನು

ಲಾಫ್ಟ್ ಖಾಲಿ ಮಾಡುತ್ತಿದ್ದ ಮೊಮ್ಮಗಳು ಮೈತ್ರಿ ಒಂದು ಚರ್ಮದ ಚೀಲ ತಂದು ನನ್ನ ಮಡಿಲಿಗೆ ಹಾಕಿದಳು. ಮುಚ್ಚಳ ತೆಗೆದರೆ ಹಳೆಯ ಚರ್ಮ, ಕರ್ಪೂರ, ಬಂದೂಕಿನ ಎಣ್ಣೆ, ಮೂರೂ ಸೇರಿದ ವಾಸನೆ. ಒಳಗೆ ಮಾವನವರ ದುರ್ಬೀನು.

"ಅಜ್ಜಿ, ಇದು ಎನ್ನ? ಮೇಲೆ ಏನೋ ನಂಬರ್ ಇದೆ, ಓದು," ಎಂದಳು. ವೇಲಚೇರಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡ ಹೀಗೆ ತಮಿಳು ಬೆರೆತದ್ದೇ.

"ನನ್ನ ಕನ್ನಡಕ ಒಳಗಿದೆ, ನೀನೇ ಓದಮ್ಮ," ಎಂದೆ. ಹೇಳಿ ಬೆಚ್ಚಿಬಿದ್ದೆ. ಕನ್ನಡಕ ಪಕ್ಕದ ಸ್ಟೂಲಿನ ಮೇಲೇ ಇತ್ತು. ಆ ಮಾತೂ ನನ್ನದಲ್ಲ, ಮಾವನವರದು.

ಹೋದ ವಾರ ಮನೆಯಲ್ಲಿ ಒಂದು ಗಾಬರಿ ಆಗಿತ್ತು. ನಮ್ಮ ಯಜಮಾನರಿಗೆ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚುವವಳು ನಾನೇ. ಅವತ್ತು ಅವರ ಸಕ್ಕರೆ ತಟ್ಟನೆ ಇಳಿದು, ಮೈಯೆಲ್ಲ ಬೆವತು, ಮಾತು ತೊದಲಿತು. "ಅಳತೆ ಸರಿಯಾಗಿತ್ತಾ ಅಮ್ಮ?" ಎಂದು ಡಾಕ್ಟರು ಕೇಳಿದರು. "ಸರಿಯಾಗೇ ಇತ್ತು," ಎಂದೆ. ಅದಿರಲಿ, ಮೊದಲು ಮಾವನವರ ವಿಷಯ ಕೇಳಿ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಆರು ತಿಂಗಳಾಗಿತ್ತು. ಕೀಲ್ಪಾಕಿನಲ್ಲಿ ಮನೆ, ಹಿಂದೆ ದೊಡ್ಡ ಬಯಲು. ಮಾವ ರೈಲ್ವೆಯಲ್ಲಿದ್ದು ನಿವೃತ್ತರಾದವರು, ಬೇಟೆಯ ಹುಚ್ಚು. ಆಗ ಪರವಾನಗಿ ಇದ್ದವರು ಬೇಟೆಯಾಡಬಹುದಿತ್ತು. ರಾಜಸ್ಥಾನದ ಮರಳುಗಾಡಿಗೆ ಜಿಂಕೆ ಬೇಟೆಗೆ ಹಳೆಯ ಗೆಳೆಯರೊಬ್ಬರು ಕರೆದಿದ್ದರು. ಮನೆಯಲ್ಲಿ ಊಟಕ್ಕೆ ಕೂತರೆ ಮರಳುಗಾಡು, ಕಾಫಿಗೆ ಕೂತರೆ ಮರಳುಗಾಡು. ಕೇಳಿ ಕೇಳಿ ನನ್ನ ಅನ್ನದಲ್ಲೇ ಮರಳು ಸಿಕ್ಕಿದ ಹಾಗಾಗುತ್ತಿತ್ತು.

ಅಲ್ಲಿ ಮರೆಯಾಗಲು ಮರವಿಲ್ಲ, ಪೊದೆಯಿಲ್ಲ. ಹಾಗಾಗಿ ಒಬ್ಬರು ಬಂದೂಕು ಹಿಡಿದು ಒಂದೇ ಕಡೆ ಕೂರುವುದು, ಇನ್ನೊಬ್ಬರು ದೂರದಿಂದ ಸುತ್ತಿ ಹೋಗಿ ಜಿಂಕೆಗಳನ್ನು ಮೆಲ್ಲಗೆ ಬಂದೂಕಿನ ಕಡೆ ತಿರುಗಿಸುವುದು. ಕೂರುವವರು ಮಾವ. ಸುತ್ತಿ ಹೋಗುವವರು, ಮರಳಿನ ಬಣ್ಣದ ಖಾಕಿ ಹಾಕಿಕೊಂಡು, ಅವರ ಮಗ. ಅಂದರೆ ನನ್ನ ಗಂಡ.

ಹೊರಡಲು ಮೂರು ದಿನ ಇದ್ದಾಗ ಮಾವ ನನ್ನನ್ನು ಮೌಂಟ್ ರೋಡಿನ ಬೇಟೆ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದರು. "ಕನ್ನಡಕ ಮನೇಲೇ ಬಿಟ್ಟುಬಂದೆ, ಇಂಗ್ಲಿಷಿನದೆಲ್ಲ ನೀನೇ ಓದಮ್ಮ," ಎಂದರು. ಓದಿದ ಸೊಸೆ ಎಂದು ನನಗೂ ಜಂಭ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನೇ ಬೇಕೆಂದು ಮಾವ ಹಟ ಹಿಡಿದರು. ಅಂಗಡಿಯ ನಾಯ್ಡು ಬೇಡವೆಂದು ತಲೆಯಾಡಿಸಿ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಹೇಳಿದ.

"ವೇಂಡಾಂ ಸಾರ್. ಹತ್ತರದು ಕೈ ನಡುಕಾನೂ ಹತ್ತು ಪಟ್ಟು ಮಾಡುತ್ತೆ. ಮರಳು ಕಾದ ಮೇಲೆ ಬಿಸಿಗಾಳೀಲಿ ಎಲ್ಲಾ ಕುದಿಯೋ ಥರಾ ಕಾಣುತ್ತೆ. ಏಳರದು ತಗೊಳ್ಳಿ, ಮುಂದಿನ ಗಾಜು ದೊಡ್ಡದು, ಮುಂಜಾನೆ ಮಬ್ಬಲ್ಲೂ ಬೆಳಕು ಸಿಗುತ್ತೆ. ಒಂದು ಮಾತು ಸಾರ್. ದುರ್ಬೀನು ನೋಡೋದಕ್ಕೆ, ಬಂದೂಕಿನ ಮೇಲಿನ ಗಾಜು ಹೊಡೆಯೋದಕ್ಕೆ. ಗುರುತು ಹಿಡಿಯೋ ಮುಂಚೆ ಬಂದೂಕು ಎತ್ತಬಾರದು."

"ನನಗೇ ಪಾಠ ಹೇಳ್ತೀಯೇನಯ್ಯ," ಎಂದು ಮಾವ ನಕ್ಕರು. ಆಮೇಲೆ ಬಂದೂಕು ಊರುವ ಮುಕ್ಕಾಲಿ ಕೇಳಿದರು. ಮುಕ್ಕಾಲಿ ಇಟ್ಟು ಹೊಡೆಯುವವರನ್ನು ಕುಂಟರೆಂದು ಹಾಸ್ಯ ಮಾಡುತ್ತಿದ್ದವರು ಇವರೇ! ಕೂತು ಹೊಡೆಯಲು ಗಿಡ್ಡ ಕಾಲಿನದು, ಮರಳಲ್ಲಿ ಹೂತುಹೋಗದಂತೆ ತುದಿಗೆ ಅಗಲವಾದ ಬಿಲ್ಲೆ ಇರುವುದು, ತೇಗದ್ದು ಆರಿಸಿದರು. ನನ್ನ ಮನಸ್ಸಿನಲ್ಲಿ ಏನೋ ಚುರ್ ಎಂದಿತು.

ದುರ್ಬೀನು ಪರೀಕ್ಷಿಸಲು ಗಿರಾಕಿಗಳನ್ನು ತಾರಸಿಗೆ ಹತ್ತಿಸಿ, ದೂರದ ಗೋಪುರದ ಗಡಿಯಾರ ತೋರಿಸುವುದು ಆ ಅಂಗಡಿಯ ರೂಢಿ. ಮಾವ ಹೋಗುತ್ತ ಮೆಟ್ಟಿಲ ಮೇಲೆ ಕೈಗಡಿಯಾರವನ್ನು ಮೂಗಿನ ಹತ್ತಿರ ತಂದು ನೋಡಿಕೊಂಡರು. ಮೇಲೆ ನಿಂತು ದುರ್ಬೀನು ಹಿಡಿದು, "ಹನ್ನೊಂದೂ ಕಾಲು. ಮುಳ್ಳೆರಡೂ ಎಷ್ಟು ನಿಚ್ಚಳ!" ಎಂದರು.

ನಾನೂ ಇಸಿದುಕೊಂಡು ನೋಡಿದೆ. ಗಡಿಯಾರ ನಾಲ್ಕೂ ಇಪ್ಪತ್ತಕ್ಕೆ ನಿಂತುಹೋಗಿತ್ತು. ನಾಯ್ಡು ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಹೊಸ ಸೊಸೆಯ ಬಾಯಿಗೆ ಎಷ್ಟು ಬೀಗ ಇರುತ್ತವೆಂದು ನಿಮಗೆ ಹೇಳಬೇಕಾಗಿಲ್ಲ. ಇಷ್ಟೂ ಕಾಣದ ಮನುಷ್ಯ ಇನ್ನೊಂದು ವಾರದಲ್ಲಿ ನನ್ನ ಗಂಡ ನಡೆಯುವ ದಿಕ್ಕಿಗೆ ಬಂದೂಕು ಹಿಡಿಯುತ್ತಾರೆ!

ಸಂಜೆ ಗಂಡನಿಗೆ ಹೇಳಿದೆ. "ಹುಚ್ಚಾ ನಿನಗೆ? ಅಪ್ಪಂದು ಹದ್ದಿನ ಕಣ್ಣು," ಎಂದು ಖಾಕಿ ಷರ್ಟು ತೊಟ್ಟು ಕನ್ನಡಿ ಮುಂದೆ ನಿಂತರು. ಎಷ್ಟು ಚೆಂದ ಕಾಣುತ್ತಿದ್ದರು! ನನಗೆ ಅಳು ಬಂತು.

ಮರುದಿನ ಬೆಳಿಗ್ಗೆ ಒಂದು ಉಪಾಯ ಮಾಡಿದೆ. "ಬಯಲಿನ ಕೊನೇಲಿ ಕೂತಿರಿ, ಖಾಕಿ ಎಷ್ಟು ಮರೆಮಾಡುತ್ತೋ ನೋಡೋಣ. ಕೈ ಬೀಸಿದಾಗ ಎದ್ದರೆ ಸಾಕು," ಎಂದು ಗಂಡನನ್ನು ಕಳಿಸಿದೆ. ಅವರು ಕುಣಿಯುತ್ತಲೇ ಹೋದರು. ಮಾವ ತಾರಸಿಯಲ್ಲಿ ಮುಕ್ಕಾಲಿ ಊರಿ ಬಂದೂಕು ಒರೆಸುತ್ತಿದ್ದರು. ಗುಂಡುಗಳ ಡಬ್ಬಿ ಕೆಳಗೆ ಬೀರುವಿನಲ್ಲಿತ್ತು, ಬೀಗ ನಾನೇ ಎಳೆದು ನೋಡಿ ಬಂದಿದ್ದೆ.

"ಮಾವ, ಅಲ್ಲಿ ಕೊನೇಲಿ ಏನೋ ಇದೆ, ದುರ್ಬೀನಲ್ಲಿ ನೋಡ್ತೀರಾ?"

ಬಹಳ ಹೊತ್ತು ನೋಡಿದರು. "ನರಿ ಕಣಮ್ಮ. ಕೂತಿದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ದುರ್ಬೀನು ಕೆಳಗಿಟ್ಟು ಬಂದೂಕಿಗೆ ಕೆನ್ನೆ ಕೊಟ್ಟುಬಿಟ್ಟರು. ಬಂದೂಕು ತೆರೆದು ಒರೆಸಿದ್ದನ್ನು ಕಣ್ಣಾರೆ ಕಂಡಿದ್ದೆ, ಒಳಗೇನೂ ಇರಲಿಲ್ಲ. ಆದರೂ ಕೈ ಬೀಸುವುದಿರಲಿ, ಎತ್ತಲೂ ಆಗಲಿಲ್ಲ. ಟಕ್ ಎಂದಿತು.

"ಬಿತ್ತು ನೋಡು!" ಎಂದರು ಮಾವ, ಖುಷಿಯಲ್ಲಿ.

ಅಲ್ಲಿ ಕೂತು ಸಾಕಾದ ನರಿ ಎದ್ದು ನಿಂತಿತು. "ಅಪ್ಪಾ! ಕಾಣಿಸ್ತೀನಾ?" ಎಂದು ಕೂಗಿತು.

ಮಾವನ ಮುಖವನ್ನು ನಾನು ಹೇಗೆ ಹೇಳಲಿ? ಬಂದೂಕಿನಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಆಮೇಲೆ ಬಯಲಿಗೆಲ್ಲ ಕೇಳುವ ಹಾಗೆ, "ಕಾಣಿಸ್ತೀಯಪ್ಪ, ಚೆನ್ನಾಗಿ ಕಾಣಿಸ್ತೀಯ!" ಎಂದು ಕೂಗಿ ನೆಲದ ಮೇಲೆ ಕುಸಿದು ಕೂತರು.

"ನಿನಗೆ ಯಾವಾಗ ಗೊತ್ತಾಯ್ತು?"

"ಗೋಪುರದ ಗಡಿಯಾರ ನಿಂತಿತ್ತು, ಮಾವ."

"ಹೂಂ," ಎಂದರು. ದುರ್ಬೀನನ್ನು ಚೀಲಕ್ಕೆ ಹಾಕುತ್ತ, "ಅವನಿಗೆ ಹೇಳಬೇಡ ಕಣಮ್ಮ," ಎಂದರು. ಅವರೂ ಅತ್ತರು, ನಾನೂ ಅತ್ತೆ. ಅಷ್ಟು ಕೋಪ ಬಂದಿದ್ದ ಮನುಷ್ಯನ ಮೇಲೆ ಅಷ್ಟು ಪ್ರೀತಿ ಎಲ್ಲಿಂದ ಬಂತೋ, ನನಗೆ ಇವತ್ತಿಗೂ ತಿಳಿಯದು.

ಮಂಡಿ ನೋವೆಂದು ಮಾವ ಪ್ರಯಾಣ ನಿಲ್ಲಿಸಿದರು. ಬಂದೂಕನ್ನು ಯಾರಿಗೋ ಕೊಟ್ಟರು, ಮುಕ್ಕಾಲಿ ಅತ್ತೆಯ ಹೂಕುಂಡ ಹೊತ್ತುಕೊಂಡು ನಿಂತಿತು. ಮಾವ ಇರುವತನಕ ದಿನಾ ಪೇಪರು ಓದಿ ಹೇಳಿದವಳು ನಾನು. ಮರಳುಗಾಡು ತಪ್ಪಿತೆಂದು ನಮ್ಮ ಯಜಮಾನರು ಅಪ್ಪನ ಮಂಡಿಯನ್ನು ಇಂದಿಗೂ ಬೈಯುತ್ತಾರೆ, ತಾವೊಮ್ಮೆ ನರಿಯಾಗಿದ್ದದ್ದು ಅವರಿಗೆ ಗೊತ್ತಿಲ್ಲ.

ಮೈತ್ರಿ ದುರ್ಬೀನಿನ ಮೇಲಿದ್ದ ನಂಬರ್ ಓದಿ ಹೇಳಿ ಎದುರಿಗೆ ನಿಂತಿದ್ದಳು. ಯಜಮಾನರು ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಮಾವನ ಆ ಟಕ್ ಸದ್ದು ಮತ್ತೆ ಕಿವಿಯಲ್ಲಿ ಕೇಳಿಸಿತು.

"ಮೈತ್ರಿ, ನಾಳೆಯಿಂದ ತಾತನಿಗೆ ಸೂಜಿ ನೀನು ಹಾಕು. ಕನ್ನಡಕ ಹಾಕಿದರೂ ನನಗೆ ಸಿರಿಂಜಿನ ಗೀಟು ಕಾಣಿಸಲ್ಲ. ಎರಡು ತಿಂಗಳಾಯ್ತು. ಅಂದಾಜಲ್ಲಿ ಹಾಕ್ತಿದ್ದೆ. ಹೋದ ವಾರ ಆದದ್ದು ನನ್ನಿಂದಲೇ."

ಪೇಪರು ಮಡಚುವ ಸದ್ದಾಯಿತು. ಬಾಲ್ಕನಿಯ ಬೆಳಕಿನಲ್ಲಿ ಕಂದು ಬಣ್ಣದ್ದು ಏನೋ ಎದ್ದು ನಿಂತಿತು.

"ನಾನು ಕಾಣಿಸ್ತೀನೇನೇ?" ಎಂದರು.

"ಇಲ್ಲ," ಎಂದೆ. "ಹತ್ತಿರ ಬನ್ನಿ."