ನೂಲುಗುಂಡು ಹಿಡಿದ ನಿಕಾನೋರ್

ನಮ್ಮ ಸಾಂತಾ ರುಫೀನಾ ಊರಿನಲ್ಲಿ ಗೋಡೆ ಕಟ್ಟುವವರು ಏಳೆಂಟು ಜನ ಇದ್ದರು. ಆದರೆ ನಿಶ್ಚಿಂತೆಯಿಂದ ಒರಗಿ ಕೂರಬಹುದಾಗಿದ್ದದ್ದು ನಿಕಾನೋರ್ ಕುತ್ಸಾಲ್ ಕಟ್ಟಿದ ಗೋಡೆಗೆ ಮಾತ್ರ. ಚೌಕದ ಮೂಲೆಯಲ್ಲಿರುವ ನನ್ನ ಕ್ಷೌರದಂಗಡಿಗೆ ಅವನು ಎರಡು ವಾರಕ್ಕೊಮ್ಮೆ ಬರುತ್ತಿದ್ದ. ಬಂದರೆ ಮೂರು ಮಾತು ಆಡುತ್ತಿದ್ದ, ಅದರಲ್ಲಿ ಎರಡು ಸುಣ್ಣದ ವಿಚಾರ.

ತನ್ನ ಬಗ್ಗೆ ಅವನು ನನಗೆ ಹೇಳಿಕೊಂಡದ್ದು ಒಂದೇ ಸಲ. ಎಪ್ಪತ್ತಾರರ ಭೂಕಂಪದಲ್ಲಿ ಅವನಿಗೆ ಹದಿನಾಲ್ಕು ವರ್ಷ. ಮನೆಯ ಮಣ್ಣಿನ ಗೋಡೆ ಅಪ್ಪನ ಮೇಲೆ ಬಿತ್ತು. ಬೀಳುವ ಮುಂಚೆ, ಯಾರೋ ಮೊರದಲ್ಲಿ ಜೋಳ ಕೇರುತ್ತಿದ್ದಾರೇನೋ ಎಂಬಂಥ ಸಣ್ಣ ಸದ್ದು ಬಂತಂತೆ. "ಕೇಳಿಸ್ತು, ಆದ್ರೆ ಅದು ಏನು ಅಂತ ಗೊತ್ತಾಗ್ಲಿಲ್ಲ," ಎಂದು ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದ್ದ. ಆಮೇಲೆ ಶಾಲೆ ಕಟ್ಟಲು ಬಂದ ಮುದಿ ಮೇಸ್ತ್ರಿಯೊಬ್ಬ ಅವನನ್ನು ಕೆಲಸಕ್ಕೆ ಸೇರಿಸಿಕೊಂಡು, ಸಾಯುವಾಗ ತನ್ನ ಹಿತ್ತಾಳೆಯ ನೂಲುಗುಂಡನ್ನು ಅವನ ಕೈಗಿಟ್ಟ. ದಾರ ಇಳಿಬಿಟ್ಟು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ಆ ಗುಂಡು ಅವನ ಜೇಬಿನಲ್ಲಿ ಸದಾ ಇರುತ್ತಿತ್ತು. ಅವನ ಅಂಗಿಗಳೆಲ್ಲ ಒಂದೇ ಕಡೆಗೆ ಜೋತುಬಿದ್ದಿರುತ್ತಿದ್ದವು.

ನಾವಿಬ್ಬರೂ ಪಾಸ್ಟರ್ ಒಬ್ದುಲಿಯೊ ಅವರ ಸಭೆಯವರು. ಎದುರು ಬೀದಿಯಲ್ಲಿ ಇನ್ನೊಂದು ಸಭೆಯವರು ಹೊಸ ಆರಾಧನಾಲಯ ಕಟ್ಟಿದ ಮೇಲೆ ನಮ್ಮ ಪಾಸ್ಟರಿಗೆ ನೆಮ್ಮದಿ ಇಲ್ಲದಾಯಿತು. ನಮ್ಮ ವೇದಿಕೆಯ ಹಿಂದಿನ ಗೋಡೆ ಅವರದ್ದಕ್ಕಿಂತ ಎರಡು ಮೊಳ ಎತ್ತರ ಏಳಲೇಬೇಕು ಎಂದರು. ನಿಕಾನೋರ್ ಹೋಗಿ ಪಾಯ ನೋಡಿದ.

"ಪಾಸ್ಟರೇ, ಈ ಪಾಯ ಅಷ್ಟೆತ್ತರ ತಡಿಯಲ್ಲ."

"ವಿಶ್ವಾಸ ಬೇಕು ಸಹೋದರ, ವಿಶ್ವಾಸ!"

"ವಿಶ್ವಾಸ ಇದೆ. ಕಂಬಿ ಇಲ್ಲ."

ಕೆಲಸ ಪಾಸ್ಟರ ಭಾವಮೈದ ಎಲ್ಮೆರ್‌ನ ಪಾಲಾಯಿತು. ಅವನಿಗೆ ವಿಶ್ವಾಸ ಧಾರಾಳವಾಗಿತ್ತು. ಒಂಬತ್ತೇ ದಿನದಲ್ಲಿ ಗೋಡೆ ಎದ್ದು ನಿಂತಿತು.

ಅದಾದ ಮೇಲೆ ಪಾಸ್ಟರು ರಾಜಧಾನಿಗೆ ಹೋಗಿ ಮೂರು ವಾರದ ತರಬೇತಿ ಮುಗಿಸಿ ಬಂದರು. ಬರುವಾಗ ಒಂದು ಪ್ರೊಜೆಕ್ಟರ್, ಜೊತೆಗೆ ನಲವತ್ತು ಭಾನುವಾರಗಳಿಗಾಗುವಷ್ಟು ಪ್ರಸಂಗ ತಂದಿದ್ದರು: ಸತ್ಯವೇದದ ಉಪಕರಣಗಳು ಮತ್ತು ಅವುಗಳ ಆತ್ಮಿಕ ಅರ್ಥ. ವಾರಕ್ಕೊಂದು ಉಪಕರಣ. ಅದನ್ನು ಇಟ್ಟುಕೊಂಡವರು ಸಭೆಗೆ ತರಬೇಕು, ಪಾಸ್ಟರು ಎಣ್ಣೆ ಸವರಿ ಪ್ರಾರ್ಥಿಸುತ್ತಾರೆ, ಆಮೇಲೆ ಅದು ಚೀಟಿಯ ಸಮೇತ ಆ ಎತ್ತರದ ಗೋಡೆಯ ಮೇಲೇರುತ್ತದೆ. ಹಿಂದಕ್ಕೆ ಕೊಡುವ ಮಾತಿಲ್ಲ, ಪ್ರತಿಷ್ಠೆಯಾದ ವಸ್ತುವಿನಲ್ಲಿ ಕಳೆ ಕೀಳುವುದೆಂದರೇನು!

ಮೊದಲು ಹೋದದ್ದು ನೇಗಿಲು. ಹಿಂತಿರುಗಿ ನೋಡದ ಮನಸ್ಸು ಎಂದು ಅದರ ಅರ್ಥ. ನೇಗಿಲು ಕೊಟ್ಟ ಸಾಂತೋಸ್ ಮಾತ್ರ ಉಳುವ ಕಾಲ ಬಂದಾಗ ಗೋಡೆಯ ಕಡೆ ತಿರುತಿರುಗಿ ನೋಡುತ್ತಿದ್ದ. ಮೂರನೇ ವಾರ ಗುಡಾರದ ಗೂಟ. ಯಾಯೇಲಳು ಮಲಗಿದ್ದ ಸೇನಾಪತಿಯ ಕಣತಲೆಗೆ ಗೂಟ ಜಡಿದ ಕಥೆಯನ್ನು ಪಾಸ್ಟರು ಎಷ್ಟು ಸೊಗಸಾಗಿ ಹೇಳಿದರೆಂದರೆ ಹೆಂಗಸರ ಸಾಲಿನಿಂದ ಏಳು ಸಲ "ಆಮೆನ್" ಬಂತು. ಗಂಡಸರ ಸಾಲಿನಿಂದ ಒಂದೂ ಬರಲಿಲ್ಲ. ಐದನೇ ವಾರ ಬೀಸುವ ಕಲ್ಲು. ನಿಕಾನೋರನ ಹೆಂಡತಿ ಚೋನಾಳ ಅತ್ತೆ ಕಾಲದ ಕಲ್ಲೇ ಆಗಬೇಕೆಂದು ಹಿರಿಯರು ಮನೆಗೇ ಬಂದು ಹೊತ್ತುಕೊಂಡು ಹೋದರು.

"ನಮ್ಮನೇಲಿ ಈಗ ಆತ್ಮಿಕ ಅರ್ಥ ಬೇಕಾದಷ್ಟಿದೆ, ರೊಟ್ಟಿಗೆ ಹಿಟ್ಟಿಲ್ಲ," ಎಂದು ಚೋನಾ ಸಂತೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು.

ನನ್ನ ಸರದಿ ಎಂಟನೇ ವಾರ. ಕ್ಷೌರದ ಕತ್ತಿ ಎಂದರೆ ಕೂದಲು ಬೋಳಿಸಿ ಸಂಸೋನನ ಬಲ ಕಳೆದ ಆಮಿಷ ಎಂದು ಅರ್ಥ ಬಂತು. ಆಮೇಲೆ ಒಂದು ತಿಂಗಳು ಸಭೆಯ ಒಬ್ಬ ಗಂಡಸೂ ನನ್ನ ಅಂಗಡಿಗೆ ಕಾಲಿಡಲಿಲ್ಲ. ಬಲ ಯಾರಿಗೂ ಹೆಚ್ಚಲಿಲ್ಲ, ತುರಿಕೆ ಹೆಚ್ಚಿತು. ಪಾಸ್ಟರು ಮಾತ್ರ ಹಿತ್ತಲ ಬಾಗಿಲಿನಿಂದ ಬಂದು, "ಬೇಗ ಮುಗಿಸಪ್ಪ, ಯಾರಾದ್ರೂ ನೋಡಿಬಿಟ್ಟಾರು," ಎಂದು ನನ್ನ ಇನ್ನೊಂದು ಕತ್ತಿಗೆ ಗಲ್ಲ ಒಡ್ಡುತ್ತಿದ್ದರು.

ಹತ್ತೊಂಬತ್ತನೇ ವಾರ ನೂಲುಗುಂಡು. ಪ್ರವಾದಿ ಆಮೋಸನ ದರ್ಶನದಲ್ಲಿ ದೇವರು ನೂಲುಗುಂಡು ಹಿಡಿದು ಗೋಡೆಯ ಪಕ್ಕ ನಿಂತಿದ್ದನ್ನು ಪಾಸ್ಟರು ಮುಕ್ಕಾಲು ಗಂಟೆ ವರ್ಣಿಸಿದರು. "ನಿಮ್ಮ ಹೃದಯದ ಗೋಡೆ ನೆಟ್ಟಗಿದ್ಯಾ?" ಎಂದು ಒಬ್ಬೊಬ್ಬರತ್ತ ಬೆರಳು ತೋರಿದರು. ಕೊನೆಗೆ ಹುರುಪು ತಡೆಯಲಾರದೆ ಕರೆದರು: "ಸಹೋದರ ನಿಕಾನೋರ್, ಏಣಿ ಹತ್ತಿ ದಾರ ಬಿಡು. ನೆಟ್ಟಗಿರೋದು ಅಂದ್ರೆ ಹೇಗಿರುತ್ತೆ ಅಂತ ಸಭೆ ನೋಡ್ಲಿ!"

"ಈ ಗೋಡೆಗಾ?" ಎಂದ ನಿಕಾನೋರ್.

"ಮತ್ತೆ ಯಾವ್ದಕ್ಕಪ್ಪ?"

ನಿಕಾನೋರ್ ಏಣಿ ಹತ್ತಿದ. ಗೋಡೆಯ ತುದಿಗೆ ದಾರ ಒತ್ತಿ ಹಿಡಿದು ಗುಂಡು ಇಳಿಬಿಟ್ಟ. ಮೇಲೆ ಗೋಡೆಗೆ ತಾಗಿದ್ದ ದಾರ ನೆಲದ ಹತ್ತಿರ ಬರುವಷ್ಟರಲ್ಲಿ ಗೋಡೆಯಿಂದ ಒಂದು ಗೇಣು ಆಚೆ ನಿಂತಿತ್ತು. ಇಡೀ ಗೋಡೆ ವೇದಿಕೆಯ ಮೇಲಕ್ಕೆ ಬಾಗಿತ್ತು.

"ಫ್ಯಾನ್ ಗಾಳಿ. ಫ್ಯಾನ್ ಆರಿಸಿ," ಎಂದರು ಪಾಸ್ಟರು. ಆರಿಸಿದರು. ಗುಂಡು ಅಲ್ಲೇ ಇತ್ತು. "ಕಿಟಕಿ ಮುಚ್ಚಿ." ಮುಚ್ಚಿದರು. ಬೆವರು ಕಿತ್ತುಕೊಂಡು ಬಂತು, ಗುಂಡು ಕದಲಲಿಲ್ಲ.

"ನಾವೆಲ್ಲ ಉಸಿರಾಡೋದನ್ನೂ ನಿಲ್ಸಿಬಿಡೋಣ್ವಾ, ಪಾಸ್ಟರೇ?" ಎಂದಳು ಚೋನಾ.

"ಏನಿಲ್ಲ, ಏನಿಲ್ಲ. ದಾರ ಸ್ವಲ್ಪ ವಾಲಿದೆ."

ಏಣಿಯ ಮೇಲಿನಿಂದ ನಿಕಾನೋರ್ ಮೆಲ್ಲಗೆ ಹೇಳಿದ: "ದಾರಕ್ಕೆ ವಾಲೋದು ಬರಲ್ಲ, ಪಾಸ್ಟರೇ."

ಆ ವಾರವೇ ಹಿರಿಯರ ಸಮಿತಿ ಕೂತಿತು. ಎಲ್ಮೆರ್ ಕೂಡ ಸಮಿತಿಯಲ್ಲಿದ್ದ. ನಾಲ್ಕು ಸಂಜೆ ಚರ್ಚಿಸಿ, ಕಾಫಿ ಕುಡಿದು, ತೀರ್ಮಾನ ಬರೆದರು: ಗೋಡೆ ವಾಲಿಲ್ಲ, ದೀನತೆಯಿಂದ ತಲೆಬಾಗಿದೆ. ಸಭೆಯ ನಡುವೆ ಗೋಡೆಯ ವಿರುದ್ಧ ಸಾಕ್ಷಿ ನುಡಿದದ್ದಕ್ಕೆ ನಿಕಾನೋರನಿಗೆ ಮೂರು ತಿಂಗಳು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಇಲ್ಲ, ಹಿಂದಿನ ಬೆಂಚೇ ಗತಿ. ನೂಲುಗುಂಡನ್ನು ಎಣ್ಣೆ ಸವರಿ 'ನೀತಿ' ಎಂಬ ಚೀಟಿಯೊಡನೆ ಗೋಡೆಗೆ ತೂಗುಹಾಕಿದರು. ಆದರೆ ಅದು ಅಲ್ಲೂ ಗೋಡೆಯಿಂದ ದೂರ ಸರಿದು ನಿಂತು ಪ್ರತಿ ಭಾನುವಾರ ಜನರ ಕಣ್ಣು ಸೆಳೆಯುತ್ತಿತ್ತು. ಎರಡು ವಾರ ನೋಡಿದ ಎಲ್ಮೆರ್ ಗುಂಡಿನ ಕುತ್ತಿಗೆಗೊಂದು ಮೊಳೆ ಹೊಡೆದು ಗೋಡೆಗೆ ಅಂಟಿಸಿಬಿಟ್ಟ. ನೀತಿ ಗೋಡೆಗೆ ಸರಿಹೊಂದಿತು.

ನಿಕಾನೋರ್ ಹಳೇ ಬಸ್ಸಿನ ನಟ್ಟೊಂದನ್ನು ದಾರಕ್ಕೆ ಕಟ್ಟಿಕೊಂಡು ಕೆಲಸ ಮಾಡತೊಡಗಿದ. "ಸಭೆ ಬಿಟ್ಟುಬಿಡೋ ಮಾರಾಯ, ಎದುರುಗಡೆಯವರು ಹೂಹಾರ ಹಾಕಿ ಕರ್ಕೋತಾರೆ," ಎಂದೆ ನಾನು. ಅವನು ತಲೆ ಅಡ್ಡಡ್ಡ ಆಡಿಸಿದ. "ನಾನು ಹಿಂದಿನ ಬೆಂಚಲ್ಲಿ ಕೂತ್ರೆ ಆ ಗೋಡೆ ಪೂರ್ತಿ ಕಾಣುತ್ತೆ. ಯಾರಾದ್ರೂ ಒಬ್ರು ನೋಡ್ತಾ ಇರಬೇಕಲ್ಲ." ಆ ದಿನ ಮೂರಕ್ಕಿಂತ ಹೆಚ್ಚು ಮಾತಾಡಿದ ಎಂದು ನನಗೆ ಭಯವೇ ಆಯಿತು.

ಗೋಡೆಯ ಹೊರೆ ಏರುತ್ತಲೇ ಹೋಯಿತು. ಅಡಿಗಲ್ಲು, ನೊಗ, ಕೊಡಲಿ. ಮೂವತ್ತಮೂರನೇ ವಾರಕ್ಕೆ ಯೆಹೆಜ್ಕೇಲ ದರ್ಶನದಲ್ಲಿ ಕಂಡ ಚಕ್ರ. ಅದಕ್ಕಾಗಿ ಶನಿವಾರ ಮಧ್ಯಾಹ್ನ ಎತ್ತಿನ ಗಾಡಿಯ ಚಕ್ರವೊಂದನ್ನು ತಂದರು. ಎಲ್ಮೆರ್ ಏಣಿ ಹತ್ತಿ ಗೋಡೆಗೆ ದಪ್ಪ ಕೊಕ್ಕೆ ಜಡಿದ. ಆರು ಜನ ಹಗ್ಗ ಎಳೆದು ಚಕ್ರ ಏರಿಸಿದರು. ಪಾಸ್ಟರು ಕೆಳಗೆ ನಿಂತು, "ಇನ್ನೂ ಎಡಕ್ಕೆ, ಎಡಕ್ಕೆ! ದೇವರ ಚಕ್ರ ಸೊಟ್ಟ ಇರಬಾರದು!" ಎನ್ನುತ್ತಿದ್ದರು. ಹಗ್ಗ ಹಿಡಿದವರಲ್ಲಿ ನಾನೂ ಒಬ್ಬ.

ಶಿಕ್ಷೆಯ ಮೂರು ತಿಂಗಳು ಮುಗಿಯಿತು, ತನ್ನ ಗುಂಡು ಕೇಳೋಣ ಎಂದು ನಿಕಾನೋರ್ ಆಗ ತಾನೇ ಒಳಗೆ ಬಂದಿದ್ದ. ಟೋಪಿ ಕೈಯಲ್ಲಿ ಹಿಡಿದು ನಿಂತವನು ತಟ್ಟನೆ ತಲೆ ಓರೆ ಮಾಡಿದ. ಚಕ್ರ ಕೊಕ್ಕೆಗೆ ಕೂತಿತ್ತು, ನಾವು ಹಗ್ಗ ಬಿಟ್ಟಿದ್ದೆವು. ನಮಗೇನೂ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು, ಮೊರದಲ್ಲಿ ಜೋಳ ಕೇರುವ ಸದ್ದು.

"ಆಚೆ ಓಡ್ರೋ! ಎಲ್ಮೆರ್, ಹಾರು! ಹಾರೋ!"

ಅವನು ಕಿರುಚಿದ್ದನ್ನು ನಾವು ಯಾರೂ ಎಂದೂ ಕೇಳಿರಲಿಲ್ಲ. ಅದಕ್ಕೇ ಓಡಿದೆವು. ಎಲ್ಮೆರ್ ಏಣಿಯಿಂದ ಹಾರಿ ಕಾಲು ಮುರಿದುಕೊಂಡ, ಅವನನ್ನು ಇಬ್ಬರು ಎಳೆದುಕೊಂಡು ಹೋದರು. ಪಾಸ್ಟರು ಮಾತ್ರ ಕೈ ಮೇಲೆತ್ತಿದ್ದವರು ಹಾಗೇ ನಿಂತಿದ್ದರು. ನಿಕಾನೋರ್ ಅವರ ಕಾಲರು ಹಿಡಿದು, ಕುರಿ ಎಳೆಯುವಂತೆ ಬೆಂಚುಗಳ ನಡುವೆ ಬಾಗಿಲವರೆಗೂ ಎಳೆದ. ಬೆನ್ನ ಹಿಂದೆ ಗೋಡೆ ವೇದಿಕೆಯ ಮೇಲೆ ಮಲಗಿತು. ನೇಗಿಲು, ಅಡಿಗಲ್ಲು, ಚೋನಾಳ ಬೀಸುವ ಕಲ್ಲು, ಪ್ರೊಜೆಕ್ಟರ್, ಎಲ್ಲ ಸೇರಿ ಬಿದ್ದ ಸದ್ದಿಗೆ ಎದುರು ಸಭೆಯವರು ಅಂತ್ಯಕಾಲ ಬಂತೆಂದು ಬೀದಿಯಲ್ಲಿ ಮಂಡಿಯೂರಿದರು.

ಧೂಳು ಅಡಗಿದ ಮೇಲೆ ಜನ ತಮ್ಮ ತಮ್ಮ ಸಾಮಾನು ಅಗೆಯತೊಡಗಿದರು. ಸಾಂತೋಸ್ ನೇಗಿಲು ಸಿಕ್ಕಿದ್ದೇ ಹೆಗಲ ಮೇಲಿಟ್ಟುಕೊಂಡು, ಯಾರ ಅಪ್ಪಣೆಗೂ ಕಾಯದೆ ನೇರ ಹೊಲಕ್ಕೆ ಹೋದ. ನಿಕಾನೋರ್ ಇಟ್ಟಿಗೆ ರಾಶಿಯ ಮೇಲೆ ಕೂತಿದ್ದ. ಚೋನಾ ಇಟ್ಟಿಗೆ ಸರಿಸಿ, ಮೊಳೆಯ ಸಮೇತ ಸಿಕ್ಕ ನೂಲುಗುಂಡನ್ನು ಅವನ ಜೇಬಿಗೆ ಹಾಕಿದಳು.

ಮರುದಿನ ತಾಡಪಾಲಿನ ಕೆಳಗೆ ಪಾಸ್ಟರು, ದೇವರು ಯೆರಿಕೋ ಪಟ್ಟಣದ ಗೋಡೆ ಕೆಡವಿದ್ದರ ಮೇಲೆ ಪ್ರಸಂಗ ಶುರು ಮಾಡಿದರು.

"ಅದು ವೈರಿಗಳ ಗೋಡೆ ಅಲ್ವಾ, ಪಾಸ್ಟರೇ?" ಎಂದು ಚೋನಾ ಕೇಳಿದಳು.

ಪಾಸ್ಟರು ಸತ್ಯವೇದ ಮುಚ್ಚಿದರು. ಆಮೇಲೆ ಕೂತರು. ಇಪ್ಪತ್ತು ವರ್ಷದಲ್ಲಿ ಆರಾಧನೆ ಊಟದ ಹೊತ್ತಿಗಿಂತ ಮುಂಚೆ ಮುಗಿದದ್ದು ಅದೇ ಮೊದಲು.

ನಿಕಾನೋರ್ ಹೊಸ ಗೋಡೆ ಕಟ್ಟಲು ಒಪ್ಪಿದ. ಷರತ್ತು ಒಂದೇ: ಗಾರೆ ಕಲಸಲು ಪಾಸ್ಟರೇ ಬರಬೇಕು. ಬಂದರು. ಮೊದಲ ವಾರ ಅಂಗೈ ಬೊಬ್ಬೆ ಎದ್ದಾಗ ಬೊಬ್ಬೆಯ ಆತ್ಮಿಕ ಅರ್ಥ ಹೇಳಲು ಹೊರಟರು. "ನೀರು ಕಮ್ಮಿ ಹಾಕಿ," ಎಂದ ನಿಕಾನೋರ್. ಮೂರನೇ ವಾರದ ಒಂದು ಮಧ್ಯಾಹ್ನ, ಅವರೆಕಾಳಿನ ಪಲ್ಯ ತಿನ್ನುತ್ತಾ ಕೂತಿದ್ದಾಗ ಪಾಸ್ಟರು ಕೇಳಿದರು: "ಅವತ್ತು ನಿನಗೆ ಹೇಗೆ ಗೊತ್ತಾಯ್ತು?" ನಿಕಾನೋರ್ ಅಪ್ಪನ ವಿಷಯ ಹೇಳಿದ. ಪಾಸ್ಟರು ಅದಕ್ಕೆ ಯಾವ ಅರ್ಥವನ್ನೂ ಹೇಳಲಿಲ್ಲ. ಎದ್ದು ಹೋಗಿ ಜರಡಿ ಹಿಡಿದು ಮರಳು ಸೋಸತೊಡಗಿದರು. ಆ ದಿನ ಸಂಜೆಯವರೆಗೂ ಸೋಸುತ್ತಲೇ ಇದ್ದರು ಎಂದು ನಿಕಾನೋರನೇ ಬೆರಗಿನಿಂದ ನನಗೆ ಹೇಳಿದ.

ಹೊಸ ಗೋಡೆ ಎದುರು ಸಭೆಯದ್ದಕ್ಕಿಂತ ಒಂದು ಮೊಳ ಗಿಡ್ಡ. ಹಿರಿಯರು ಇವತ್ತಿಗೂ ಅದಕ್ಕೆ ಗೊಣಗುತ್ತಾರೆ. ಪ್ರತಿಷ್ಠೆಯ ದಿನ ಪಾಸ್ಟರು ಮತ್ತೆ ಪಾಸ್ಟರೇ ಆಗಿದ್ದರು. ದೇವರಿಗೆ, ಸಮಿತಿಗೆ, ಊರುಗೋಲು ಹಿಡಿದು ಬಂದಿದ್ದ ಎಲ್ಮೆರ್‌ಗೆ, ಊಟ ಬಡಿಸಿದವರಿಗೆ ಒಂದೊಂದಾಗಿ ವಂದನೆ ಹೇಳಿದರು. ನಿಕಾನೋರನ ಹೆಸರು ಬಂದಾಗ ಎಲ್ಲರೂ ಹಿಂದಿನ ಬೆಂಚಿನತ್ತ ತಿರುಗಿದರು. ಅವನು ಅಲ್ಲಿರಲಿಲ್ಲ. ಪಕ್ಕದ ಊರಿನ ಶಾಲೆಗೆ ಪಾಯಿಖಾನೆ ಕಟ್ಟಲು ಬೆಳಿಗ್ಗೆಯೇ ಹೋಗಿದ್ದ. ಚೋನಾ ಅವನಿಗೆಂದು ಬಾಳೆಲೆಯಲ್ಲಿ ಕಟ್ಟಿದ ನಾಲ್ಕು ಜೋಳದ ಕಡುಬನ್ನು ಚೀಲಕ್ಕೆ ಹಾಕಿಕೊಂಡು, ಹನ್ನೆರಡರ ಬಸ್ಸು ತಪ್ಪೀತೆಂದು ಸ್ತೋತ್ರ ಮುಗಿಯುವ ಮೊದಲೇ ಎದ್ದು ಹೊರಟಳು.